ಮೆಲ್ಲಗೆ ಇಳಿಸುವುದು

ಬಾಳಮ್ಮ ಚಾಪೆಯ ಮೇಲೆ ಅಂಗಾತ ಮಲಗಿದ್ದಳು. ಆದರೆ ಸೊಂಟ ಮಾತ್ರ ನೆಲಕ್ಕೆ ತಾಗಲೊಲ್ಲದು. ಪಕ್ಕದಲ್ಲಿ ಕುಳಿತ ಇರಮ, ಬಿಗಿದ ಬೆನ್ನನ್ನು ಎಳೆದು ಸಡಿಲಿಸಲು ಹೋಗಬೇಡಿ, ಬೇಕೆಂದೇ ಇನ್ನಷ್ಟು ಬಿಗಿ ಮಾಡಿ, ಆಮೇಲೆ ಮೆಲ್ಲಗೆ ಬಿಡಿ ಎಂದು ಹೇಳಿಕೊಟ್ಟಿದ್ದಳು. ಬಾಳಮ್ಮ ಬಿಗಿ ಮಾಡುವುದನ್ನು ಚೆನ್ನಾಗಿಯೇ ಮಾಡಿದಳು. ಬಿಡುವಾಗ ಬೆನ್ನು ಧೊಪ್ಪನೆ ಬಿದ್ದು, ಅಷ್ಟೇ ಬೇಗ ಮತ್ತೆ ಬಿಲ್ಲಿನಂತೆ ಬಾಗುತ್ತಿತ್ತು.

"ಇದು ನನ್ನ ಕೈಲೆ ಆಗೂದಲ್ಲ ತಂಗಿ," ಎಂದಳು.

ಇರಮ ಯಂಕಂಚಿಯಲ್ಲಿ ಅವಳ ಪಕ್ಕದ ಮನೆಯಲ್ಲೇ ಬೆಳೆದ ಹುಡುಗಿ. ಫಿಜಿಯೋಥೆರಪಿ ಓದಿ, ನೋವಿಗೆ ಸೆಟೆದುಕೊಂಡ ಮೈಗೆ ಚಲನೆಯನ್ನು ಮೊದಲಿನಿಂದ ಕಲಿಸುವ ವಿದ್ಯೆಯನ್ನೂ ಕಲಿತು, ಈಗ ಸಿಂದಗಿಯಲ್ಲಿ ಈ ಕೋಣೆಯನ್ನು ಬಾಡಿಗೆಗೆ ಹಿಡಿದಿದ್ದಳು. ಬಾಳಮ್ಮನ ಅತ್ತೆ ಹುಚ್ಚವ್ವ ಲಕ್ವಾ ಹೊಡೆದು ವರ್ಷಗಟ್ಟಲೆ ಹಾಸಿಗೆ ಹಿಡಿದಿದ್ದಳು. ಎತ್ತಿ ಕೂರಿಸುವುದು, ಮೈಗೆ ನೀರೆರೆಯುವುದು, ಉಣಿಸುವುದು ಎಲ್ಲ ಈ ಸೊಸೆಯ ಕೈಯಲ್ಲೇ. ಅತ್ತೆ ತೀರಿಕೊಂಡು, ಸುಗ್ಗಿ ಮುಗಿದು ಹೊಸ ಜೋಳ ಮನೆಗೆ ಬಂದರೂ, ಎತ್ತಿ ಎತ್ತಿ ಬಂದ ಸೊಂಟನೋವು ಹೋಗಲಿಲ್ಲ. ವಿಜಯಪುರದ ಡಾಕ್ಟರು ಸ್ಕ್ಯಾನ್ ಮಾಡಿಸಿ ಎಲುಬಿಗೇನೂ ಆಗಿಲ್ಲವೆಂದರು. ಗುಳಿಗೆ ನುಂಗಿ ನುಂಗಿ ಹೊಟ್ಟೆಯುರಿ ಬಂತು.

ಕಡೆಗೆ ಓಣಿಯವರು, ಮುದುಕಿ ಸೊಸೆಯ ಬೆನ್ನು ಬಿಟ್ಟಿಲ್ಲ, ದೆವ್ವ ಬಿಡಿಸುವವರ ಹತ್ತಿರ ಎಲ್ಲಾದರೂ ಕೇಳಿಸಿಕೊಂಡು ಬನ್ನಿ ಎನ್ನತೊಡಗಿದರು. ಗಂಡ ಸಿದ್ದಲಿಂಗನೂ ಒಮ್ಮೆ ಅದೇ ಮಾತಾಡಿದ ದಿನ ಬಾಳಮ್ಮ ಉಣ್ಣಲಿಲ್ಲ. ಉಣಿಸಿದ ಕೈಗೆ ಮುತ್ತಿಟ್ಟು ಮಲಗುತ್ತಿದ್ದ ಜೀವ ಅದು. ಅದನ್ನು ದೆವ್ವ ಮಾಡಿಬಿಟ್ಟರಲ್ಲ ಎಂಬ ಸಂಕಟ ನೋವಿಗಿಂತ ದೊಡ್ಡದಾಗಿತ್ತು.

ಇರಮ ಅವಳ ಸೊಂಟಕ್ಕೂ ಚಾಪೆಗೂ ನಡುವಿನ ಸಂದಿಯಲ್ಲಿ ಕೈಯಿಟ್ಟು ನೋಡಿದಳು. ಆಮೇಲೆ ಕೇಳಿದಳು.

"ಬಾಳಕ್ಕಾ, ಹುಚ್ಚವ್ವ ಆಯಿನ ಹಾಸಿಗಿ ಮ್ಯಾಲ ಹ್ಯಾಂಗ ಮಲಗಸ್ತಿದ್ರಿ?"

ಬಾಳಮ್ಮ ಕಣ್ಣು ಮುಚ್ಚಿಕೊಂಡೇ ಹೇಳಿದಳು. ಬೆನ್ನಿಗೆ ಕೈ ಕೊಟ್ಟು ಮೊದಲು ಸೊಂಟ ಊರಿಸಬೇಕು, ಆಮೇಲೆ ಬೆನ್ನು, ಹೆಗಲು, ಎಲ್ಲ ಆದ ಮೇಲೆ ತಲೆ. ಒಮ್ಮೆಲೇ ಬಿಟ್ಟರೆ ಮುದುಕಿ ಅಂಜಿ ಸೆರಗು ಹಿಡಿದುಕೊಳ್ಳುತ್ತಿದ್ದಳು. ಅವಳ ಉಸಿರು ಸಮ ಆಗುವತನಕ ತಾನು ಕೈ ತೆಗೆಯುತ್ತಿರಲಿಲ್ಲ.

"ಈಗ ನಿಮ್ಮನ್ನ ನೀವ ಹಂಗ ಮಲಗಸ್ರಿ."

ಬಾಳಮ್ಮ ಮತ್ತೆ ಬೆನ್ನು ಬಿಗಿದಳು. ಈ ಸಲ ಬಿಡಲು ಅವಸರ ಮಾಡಲಿಲ್ಲ. ನಡುವೆ ಒಂದು ಕಡೆ ನರ ಹಿಡಿದಂತಾದಾಗ, ಮುದುಕಿ ಅಂಜಿದರೆ ನಿಲ್ಲುತ್ತಿದ್ದ ಹಾಗೆ ನಿಂತಳು, ಉಸಿರು ಸಮ ಮಾಡಿಕೊಂಡಳು, ಮತ್ತೆ ಇಳಿಸಿದಳು. ಸೊಂಟದ ಎಲುಬು ಒಂದೊಂದಾಗಿ ಚಾಪೆಯನ್ನು ಮುಟ್ಟಿತು, ಮುಟ್ಟಿ ಅಲ್ಲೇ ಉಳಿಯಿತು. ನೋವು ಪೂರ್ತಿ ಹೋಗಿರಲಿಲ್ಲ, ಆದರೆ ಬಿಗಿ ಹಿಡಿದ ಮುಷ್ಟಿ ಬಿಚ್ಚಿದಂತಿತ್ತು. ಒಂದು ದಿನದ ಕೆಲಸವಲ್ಲ, ದಿನಾ ಮಾಡಬೇಕು ಎಂದು ಇರಮ ಹೇಳುತ್ತಿದ್ದಳು. ಬಾಳಮ್ಮನ ಕಣ್ಣೀರು ಕಿವಿಯ ಕಡೆ ಹರಿಯಿತು.

"ಅತ್ತಿ ಕೂಸಿನಷ್ಟ ಹಗುರ ಆಗಿದ್ರು. ನಾನ ಇನ್ನೂ ಎತ್ತಿಕೊಂಡ ನಿಂತಿದ್ದೆ ನೋಡ, ತಂಗಿ."

ಹೊರಗೆ ಬೈಕಿನ ಹತ್ತಿರ ಕಾಯುತ್ತಿದ್ದ ಸಿದ್ದಲಿಂಗ, ತಡವಾಯಿತೆಂದು ಬಾಗಿಲಿಗೆ ಬಂದವನು ಆ ಮಾತು ಕೇಳಿಸಿಕೊಂಡು ಅಲ್ಲೇ ನಿಂತ. ಹೆಂಡತಿ ಅಂಗಾತ ಮಲಗಿದ್ದನ್ನು ಅವನು ನೋಡಿ ಬಹಳ ಕಾಲವಾಗಿತ್ತು. ತಾಯಿಯನ್ನು ಮಣ್ಣು ಮಾಡಿದ ದಿನ ಹಿರಿಯ ಮಗನೆಂದು ಅವನು ಅಳದೆ ಗಟ್ಟಿಯಾಗಿ ನಿಂತಿದ್ದ. ಹೆಗಲು ಎತ್ತಿ, ಹಲ್ಲು ಕಚ್ಚಿ, ಈಗಲೂ ಹಾಗೆಯೇ ನಿಂತಿದ್ದ. ಬಾಳಮ್ಮ ಆ ನಿಲುವನ್ನು ಈಗಲೇ ಮೊದಲು ಕಂಡವಳಂತೆ ನೋಡಿದಳು. ಇರಮ ಚಹಾ ತರುತ್ತೇನೆಂದು ಹೊರಗೆ ಹೋದಳು.

ಬಾಳಮ್ಮ ಪಕ್ಕಕ್ಕೆ ಸರಿದು ಚಾಪೆಯಲ್ಲಿ ಜಾಗ ಮಾಡಿದಳು.

"ನೀವೂ ಬರ್ರಿ."

"ನನಗೇನ ನೋವಿಲ್ಲಲ್ಲ."

"ಗೊತ್ತೈತಿ. ಬರ್ರಿ."

ಅವನು ಚಪ್ಪಲಿ ಬಿಟ್ಟು ಒಳಗೆ ಬಂದು ಅವಳ ಪಕ್ಕ ಕುಳಿತ. ಹಿಂದಕ್ಕೆ ಬಾಗುವಷ್ಟರಲ್ಲಿ ಅವಳ ಅಂಗೈ ಅವನ ಬೆನ್ನಿಗೆ ಬಂದಿತ್ತು.