ಮೊಮ್ಮಗಳು ಓದಿದ ಮೇಲೆ

ಆ ಪ್ರಕಾಶಕರದ್ದೊಂದು ಪದ್ಧತಿ. ಮಕ್ಕಳ ಕಾದಂಬರಿ ಯಾರೇ ತಂದುಕೊಡಲಿ, ಮೊದಲು ಅದು ಏಳನೇ ಕ್ಲಾಸಿನ ಮೊಮ್ಮಗಳ ಕೈಗೆ ಹೋಗಬೇಕು. ಅವಳು ಓದಿದ ಮೇಲೇ ಅಚ್ಚಿನ ಮಾತು. ವಾರಿಜಾಕ್ಷಿಯವರ ಎರಡು ಕಾದಂಬರಿಗಳು ಹಾಗೇ ಹೊರಬಂದು ಚೆನ್ನಾಗಿ ಮಾರಾಟವಾಗಿದ್ದವು. ನೋಡದ ಆ ಹುಡುಗಿಯ ಮೇಲೆ ಅವರಿಗೆ ಅಕ್ಕರೆಯೇ ಬೆಳೆದುಬಿಟ್ಟಿತ್ತು. ಈಗ ಮೂರನೆಯದನ್ನು ಕೊಟ್ಟು ತಿಂಗಳಾಗಿತ್ತು.

"ಓದಿದಳಾ ಸರ್?"

"ಓದಿದಳಮ್ಮ. ಊಟಕ್ಕೆ ಕರೆದರೂ ಏಳಲಿಲ್ಲ. ಕೂತಲ್ಲೇ ಮುಗಿಸಿ, ಮತ್ತೆ ಮೊದಲಿಂದ ಶುರು ಮಾಡಿದಳು."

ವಾರಿಜಾಕ್ಷಿಯವರಿಗೆ ಕಣ್ಣು ತುಂಬಿ ಬಂತು. "ಹಾಗಾದರೆ ಅಚ್ಚಿಗೆ ಯಾವಾಗ ಸರ್?"

ಪ್ರಕಾಶಕರು ಹಸ್ತಪ್ರತಿಯನ್ನು ಅವರ ಕಡೆಗೇ ತಳ್ಳಿದರು. "ಇದು ಬೇಡಮ್ಮ. ಮಾರನೇ ದಿನ ಗಣಿತದ ಟೆಸ್ಟಲ್ಲಿ ಇಪ್ಪತ್ತೈದಕ್ಕೆ ನಾಲ್ಕು ತಗೊಂಡು ಬಂದಳು. ಓದೋರು ಮಕ್ಕಳಾದರೂ, ಅಂಗಡೀಲಿ ಕೊಳ್ಳೋರು ಅಪ್ಪ ಅಮ್ಮ ಅಲ್ವಾ?"

ವಾರಿಜಾಕ್ಷಿಯವರು ಹಸ್ತಪ್ರತಿಯನ್ನು ಎತ್ತಿ ಮಡಿಲಲ್ಲಿ ಇಟ್ಟುಕೊಂಡರು.

"ಮೊದಲಿನ ಎರಡೂ ಅವಳಿಗೆ ಹಿಡಿಸಿದ್ದವಲ್ಲ ಸರ್?"

"ಹಿಡಿಸಿದವು ಅಂತ ಯಾರು ಹೇಳಿದ್ದು? ಎರಡು ಸಲವೂ ಹತ್ತು ಪುಟ ಓದಿ ಕೆಳಗಿಟ್ಟು, ತಾನಾಗೇ ಹೋಗಿ ಲೆಕ್ಕ ಮಾಡೋಕೆ ಕೂತಳು."