ಇಪ್ಪತ್ತೈದರ ಸಂದು

ಜರ್ಮನಿಯ ಗಿರಾಕಿ ವೆಬ್ ಪುಟದಲ್ಲಿ ತುಂಬಿದ್ದ ಆರ್ಡರನ್ನೇ ಮೇಲ್‌ನಲ್ಲೂ ಕಳಿಸಿದ್ದ. ಕಾರ್ಖಾನೆಯ ಕಂಪ್ಯೂಟರ್ ಕೆಲಸ ನೋಡಿಕೊಳ್ಳುವ ವಚನಾ ಅದನ್ನು ತೆರೆದು, ಪುಟದ ಜೊತೆ ಹೋಲಿಸಿ ನೋಡಿದಳು. ಉಕ್ಕಿನ ಉಂಗುರಕ್ಕೂ ಅದರೊಳಗೆ ಕೂರುವ ಶಾಫ್ಟಿಗೂ, ಅಂದರೆ ದುಂಡು ದಂಡಕ್ಕೂ, ನಡುವೆ ಬಿಡಬೇಕಾದ ಸಂದು, ಅವನು ಬರೆದ ಪ್ರಕಾರ ‘0,025’ ಮಿಲಿಮೀಟರ್. ಅವಳು ಕಟ್ಟಿಕೊಟ್ಟ ಪುಟ ಮಾನಿಟರಿನಲ್ಲಿ ದಪ್ಪಗೆ ‘25’ ಎಂದು ತೋರಿಸುತ್ತಿತ್ತು.

ತಪ್ಪು ಅವಳದೇ. ನಮ್ಮಲ್ಲಿ ಅಲ್ಪವಿರಾಮ ಸಾವಿರ, ಲಕ್ಷಗಳನ್ನು ಬಿಡಿಸಿ ತೋರಿಸಲಿಕ್ಕಷ್ಟೆ. ತೆಗೆದರೆ ಅಂಕಿಗೇನೂ ಆಗದು. ಹಾಗಾಗಿ ಕಂಡ ಅಲ್ಪವಿರಾಮವನ್ನೆಲ್ಲ ಕಿತ್ತುಹಾಕು ಎಂದು ಪ್ರೋಗ್ರಾಮಿಗೆ ಹೇಳಿಕೊಟ್ಟಿದ್ದಳು. ದಶಮಾಂಶಕ್ಕೆ ನಾವು ಚುಕ್ಕಿ ಇಡುವ ಕಡೆ ಜರ್ಮನಿಯವರು ಅಲ್ಪವಿರಾಮ ಇಡುತ್ತಾರೆಂಬುದು ಆ ಜಾಣೆಗೆ ಹೊಳೆದೇ ಇರಲಿಲ್ಲ. ಕೂದಲೆಳೆಯ ಅರ್ಧದಷ್ಟೂ ಇಲ್ಲದ ಸಂದು ಹೆಬ್ಬೆರಳು ತೂರುವಷ್ಟಾಗಿತ್ತು.

ಪುಟದ ಪ್ರಿಂಟು ಬೆಳಿಗ್ಗೆಯೇ ಕೆಳಗೆ, ಉಕ್ಕು ಕಡೆಯುವ ಲೇತ್ ಮುಂದೆ ಹೋಗಿತ್ತು. ಶಾಫ್ಟು ಕಡೆಯಲೆಂದು ಉಂಗುರದ ಜೊತೆ ಗಿರಾಕಿ ಕಳಿಸಿದ್ದ ವಿಶೇಷ ಉಕ್ಕಿನ ಸರಳು ಒಂದೇ ಒಂದು. ಹೆಚ್ಚು ಕತ್ತರಿಸಿದರೆ ಮತ್ತೆ ಅಂಟಿಸಲು ಅದೇನು ರೊಟ್ಟಿಹಿಟ್ಟೇ? ರಾಜಾಜಿನಗರದ ಆ ಪುಟ್ಟ ಕಾರ್ಖಾನೆಗೆ ಹೊರದೇಶದಿಂದ ಬಂದ ಮೊದಲ ಕೆಲಸ ಅದು. ಸ್ಯಾಂಪಲ್ ಕೆಟ್ಟರೆ ಅಲ್ಲಿಗೇ ಮುಗಿಯಿತು.

ಮೆಟ್ಟಿಲಿಳಿದು ಓಡಿದಳು. “ಭರಮಪ್ಪನೋರೇ, ನಿಲ್ಸಿ, ನಿಲ್ಸಿ.”

ಲೇತ್ ಆಗಲೇ ನಿಂತಿತ್ತು. ಗದಗಿನ ಕಡೆಯಿಂದ ಬಂದು ಅದೇ ಯಂತ್ರದ ಮುಂದೆ ಮೂವತ್ತು ವರ್ಷ ಸವೆಸಿದ ಭರಮಪ್ಪ ಕೈ ಒರೆಸಿಕೊಳ್ಳುತ್ತಿದ್ದರು. ಕಾಲ ಬಳಿ ಉಕ್ಕಿನ ಸುರುಳಿಗಳ ರಾಶಿ.

“ಮುಗಿಸಿಬಿಟ್ರಾ?”

“ಮುಗೀತ್ರಿ ಮೇಡಂ.”

“ಇಪ್ಪತ್ತೈದು ಬಿಟ್ಟು?”

“ಹೌದ್ರಿ, ಇಪ್ಪತ್ತೈದ ಬಿಟ್ಟೀನಿ.”

ವಚನಾಗೆ ಅಳುವೇ ಬಂತು. “ಅದು ತಪ್ಪು. ನಾನ್ ಮಾಡಿದ ತಪ್ಪು,” ಎಂದಳು.

ಭರಮಪ್ಪ ಶಾಫ್ಟನ್ನು ಮೇಜಿನ ಮೇಲೆ ನೆಟ್ಟಗೆ ನಿಲ್ಲಿಸಿ, ಒಂದಿಷ್ಟು ಎಣ್ಣೆ ಸವರಿ, ಉಂಗುರವನ್ನು ತುದಿಗಿಟ್ಟು ಕೈಬಿಟ್ಟರು. ಅದು ದಬಕ್ಕನೆ ಬೀಳಲಿಲ್ಲ, ನಡುವೆ ಸಿಕ್ಕಿಕೊಳ್ಳಲೂ ಇಲ್ಲ. ನಿಧಾನವಾಗಿ, ಸದ್ದಿಲ್ಲದೆ ಬುಡದವರೆಗೆ ಇಳಿಯಿತು.

“ಮಿಲಿಮೀಟರ್ ಅಲ್ರಿ. ಮಿಲಿಮೀಟರಿನ ಸಾವಿರ ಪಾಲಿನಾಗ ಇಪ್ಪತ್ತೈದು ಪಾಲು. ಇಂಥಾ ಬಿಗಿ ಸಂದು ನಾವು ಹಂಗ ಎಣಸೂದ್ರಿ,” ಎಂದರು.

“ಪ್ರಿಂಟಲ್ಲಿ ಮಿಲಿಮೀಟರ್ ಅಂತಾನೇ ಇತ್ತಲ್ಲ. ನಿಮಗೆ ಹೆಂಗೆ ಗೊತ್ತಾಯ್ತು?”

ಅವರು ಉಂಗುರ ತೆಗೆದು, ಒರೆಸಿ, ಅವಳ ಕೈಗಿಟ್ಟರು. “ಒಳಗ ಬೆರಳಾಡ್ಸಿ ನೋಡ್ರಿ. ಕನ್ನಡಿ ಹಂಗ ತಿಕ್ಕ್ಯಾರ. ಹೆಬ್ಬಟ್ಟು ತೂರೋ ಸಂದು ಬಿಡಾವ್ರು ಇಷ್ಟ್ಯಾಕ ತಿಕ್ಕತಾರ್ರಿ?”

ವಚನಾಗೆ ಅವರ ಕಾಲಿಗೆ ಬೀಳಬೇಕೆನಿಸಿತು. ನಾಚಿಕೆಯಾಗಿ, ಸುಮ್ಮನೆ ಮೇಲೆ ಹೋಗಿ ಪ್ರೋಗ್ರಾಂ ತಿದ್ದಿದಳು: ಯಾವ ದೇಶದ ಅಂಕಿಯೋ ಆ ದೇಶದ ಓದು. ಪುಟದಲ್ಲಿ 0.025 ಮೂಡಿತು. ಸರಿಯಾಗಿದೆ ಎಂದು ಗೊತ್ತಿತ್ತು. ಆದರೂ ಸೇವ್ ಒತ್ತುವ ಮುಂಚೆ, ಕೈಯಲ್ಲೇ ಉಳಿದಿದ್ದ ಉಂಗುರದೊಳಗೆ ಇನ್ನೊಮ್ಮೆ ಬೆರಳಾಡಿಸಿ ನೋಡಿದಳು.