ಮೂರು ಗಳಿಗೆ ಹೊಗೆ

"ಬಾಗಿಲಿಗೆ ಹೊರಗಡೆಯಿಂದ ಅಗುಳಿ ಹಾಕಿದವನು ನಾನೇ" ಎಂದ ಬಂದವನು.

ಲ್ವಾನ್ ಬೋಹೆಂಗ್ ಆಗಲೇ ಕುಂಚವನ್ನು ಮಸಿಯಲ್ಲಿ ಅದ್ದಿ ಕೂತಿದ್ದ. ಖುಷಿಯಿಂದ ಹಾಳೆಯನ್ನು ಇನ್ನೂ ಹತ್ತಿರಕ್ಕೆ ಎಳೆದುಕೊಂಡ. ನರಿ ಹೆಣ್ಣಿನ ರೂಪದಲ್ಲಿ ಬಂದಿದ್ದನ್ನು ಕಂಡೆ ಎನ್ನುವವರು ಈ ದಾರಿಯಲ್ಲಿ ವಾರಕ್ಕೊಬ್ಬರಾದರೂ ಸಿಗುತ್ತಾರೆ. ಕೊಂದೆ ಎನ್ನುವವನು ಸಿಕ್ಕಿದ್ದು ಇದೇ ಮೊದಲು.

"ತಡಿ, ತಡಿ. ಮೊದಲಿಂದ ಹೇಳು. ಹೆಸರು, ಊರು ಎಲ್ಲ ಆಮೇಲೆ. ಕಥೆ ಬಿಸಿ ಇರುವಾಗಲೇ ಬರ್ಕೋಬೇಕು. ಚಹಾ ತಗೋ."

ಬಂದವನು ಬಟ್ಟಲನ್ನು ಮುಟ್ಟಲಿಲ್ಲ. ಮೂವತ್ತರ ಆಸುಪಾಸಿನ ರೈತ. ಮೊಣಕಾಲಿನವರೆಗೂ ದೂಳು. ಬಹಳ ದೂರದಿಂದ ನಡೆದು ಬಂದಂತಿತ್ತು.

ಬೋಹೆಂಗ್ ಪ್ರಾಂತ್ಯದ ಪರೀಕ್ಷೆಯಲ್ಲಿ ಒಂಬತ್ತು ಸಲ ನಪಾಸಾದವನು. ಹೊಟ್ಟೆಪಾಡಿಗೆ ಜಮೀನುದಾರರ ಮಕ್ಕಳಿಗೆ ಪಾಠ ಹೇಳುತ್ತಿದ್ದ. ಬಿಡುವಾದಾಗ ಹೆದ್ದಾರಿಯ ಪಕ್ಕ ವಿಲೋ ಮರದ ಕೆಳಗೆ ಚಾಪೆ ಹಾಸಿ, ದಾರಿಹೋಕರಿಗೆ ಚಹಾ ಕೊಟ್ಟು, ದೆವ್ವದ್ದೋ ನರಿಯದ್ದೋ ಕಥೆ ಹೇಳಿಸಿ ಬರೆದುಕೊಳ್ಳುತ್ತಿದ್ದ. "ಒಂಬತ್ತು ಸಲ ಪರೀಕ್ಷೆ ಅಂತ ಜಿನಾನ್‌ಗೆ ಹೋದ್ರಿ. ಅತ್ತೆ ಹಾಸಿಗೆ ಹಿಡಿದಾಗ ಇರಲಿಲ್ಲ, ಮಗಳ ಮದುವೆಗೂ ಇರಲಿಲ್ಲ, ಮಾಡು ಬಿದ್ದಾಗಲೂ ಇರಲಿಲ್ಲ. ಊರಲ್ಲಿ ಇದ್ದಾಗ ಈ ನರಿಗಳ ಸಂಸಾರ ಬೇರೆ!" ಎಂದು ಹೆಂಡತಿ ಬೈಯುತ್ತಿದ್ದಳು. ಬೋಹೆಂಗ್ ನಗುತ್ತಿದ್ದ. ಪರೀಕ್ಷಕರು ತಿರಸ್ಕರಿಸಿದ ಅವನ ಬರಹವನ್ನು ಜನ ಕೈಯಿಂದ ಕೈಗೆ ನಕಲು ಮಾಡಿಕೊಂಡು ಓದುತ್ತಿದ್ದರಲ್ಲ.

ಎಲ್ಲಕ್ಕಿಂತ ದೂರ ಹೋದದ್ದು 'ನರಿ ಸೊಸೆ'. ಅದನ್ನು ಅವನಿಗೆ ಯಾರೂ ಹೇಳಿರಲಿಲ್ಲ. ಚಹಾಕ್ಕೂ ಯಾರೂ ಬಾರದ ಒಂದು ಮಧ್ಯಾಹ್ನ ತಾನೇ ಹೊಸೆದಿದ್ದ. ಕೊನೆಗೆ 'ನಂಬಿಕಸ್ಥ ಹಿರಿಯರೊಬ್ಬರಿಂದ ಕೇಳಿದ್ದು' ಎಂದು ಸೇರಿಸಿದ್ದ.

"ನಮ್ಮೂರ ಕಣದಲ್ಲಿ ನಿಮ್ಮ 'ನರಿ ಸೊಸೆ' ಕಥೆಯನ್ನ ಓದಿಸಿದ್ರು ಮೇಷ್ಟ್ರೇ" ಎಂದ ಬಂದವನು. "ಮೂರು ಗುರುತು ಬರೆದಿದ್ರಿ. ನರಿ ಸೊಸೆಯ ತವರಿನವರು ಯಾವತ್ತೂ ಅವಳನ್ನ ನೋಡೋಕೆ ಬರಲ್ಲ. ರೈತನ ಮನೆ ಸೇರಿದ್ರೂ ಅಕ್ಷರ ಬಲ್ಲವಳು. ಒಬ್ಬಳೇ ಇದ್ದಾಗ ನಗ್ತಾಳೆ."

"ಮೂರೂ ಇತ್ತಾ?"

"ನಮ್ಮ ಮನೆಗೆ ಬಂದ ಸೊಸೆಯಲ್ಲಿ ಮೂರೂ ಇತ್ತು. ಆ ವರ್ಷ ಊರಲ್ಲಿ ಆರು ಕೂಸು ಸತ್ತಿದ್ವು. ಜನ ಯಾರನ್ನಾದ್ರೂ ಹುಡುಕ್ತಾ ಇದ್ರು."

ಬೋಹೆಂಗನ ಕುಂಚ ಓಡಿತು. "ಆಮೇಲೆ?"

"ಅವಳನ್ನ ಕೋಣೆಯೊಳಗೆ ಹಾಕಿ ಗಂಧಕದ ಹೊಗೆ ಕೊಟ್ವಿ. ಮೂರು ಗಳಿಗೆಯಲ್ಲಿ ನರಿ ತನ್ನ ನಿಜರೂಪ ತೋರಿಸುತ್ತೆ ಅಂತ ಬರೆದಿದ್ರಲ್ಲ."

"ಹೌದು, ಹೌದು. ಕೂಗಿದಳಾ?"

"ಮೊದಲ ಗಳಿಗೆ ಕೂಗಿದಳು. ಎರಡನೇದರಲ್ಲಿ ಕೆಮ್ಮಿದಳು. ಮೂರನೇದರಲ್ಲಿ ಬಾಗಿಲು ಕೆರೆದಳು."

"ಕೆರೆದಳು! ಉಗುರಿನಿಂದ!" ಬೋಹೆಂಗ್ ತೊಡೆ ತಟ್ಟಿಕೊಂಡ. "ಇದನ್ನ ಕೂತು ಯೋಚಿಸಿದ್ರೂ ನನಗೆ ಹೊಳೀತಿರಲಿಲ್ಲ. ಬಾಗಿಲು ತೆಗೆದಾಗ ಬಾಲ ಎಷ್ಟುದ್ದ ಇತ್ತು?"

"ಬಾಲ ಇರಲಿಲ್ಲ."

"ಸರಿಯಾಗಿ ನೋಡಿರಲ್ಲ ನೀವು."

"ನೋಡಿದೆ ಮೇಷ್ಟ್ರೇ. ಮೈ ತೊಳೆದವನು ನಾನೇ. ಬೇರೆ ಯಾರೂ ಮುಟ್ಟೋಕೆ ಬರಲಿಲ್ಲ."

ಬೋಹೆಂಗ್ ಕುಂಚವನ್ನು ಮತ್ತೆ ಮಸಿಯಲ್ಲಿ ಅದ್ದಿದ. ಬಾಲವಿಲ್ಲದಿದ್ದರೆ ಕಥೆ ಕೂರುವುದಿಲ್ಲ. 'ಪ್ರಾಣ ಹೋಗುತ್ತಿದ್ದಂತೆ ಲಂಗದ ಅಂಚಿನಿಂದ ಕೆಂಚು ಬಾಲ ಹೊರಗೆ ಜಾರಿತು' ಎಂದು ಬರೆದು, ಗಟ್ಟಿಯಾಗಿ ಓದಿ ತೋರಿಸಿದ. ಬಂದವನು ನೆಲ ನೋಡುತ್ತ ಕೇಳಿಸಿಕೊಂಡ.

"ಹೀಗೂ ಬರೀಬಹುದಾ?" ಎಂದ.

"ನಡೆದದ್ದನ್ನ ನಡೆದ ಹಾಗೇ ಬರೆದ್ರೆ ಯಾರಯ್ಯಾ ಓದ್ತಾರೆ? ಇರಲಿ. ಕೊನೆಯಲ್ಲಿ ಏನಾದ್ರೂ ಮಾತಾಡಿದಳಾ? ಸಾಯೋ ನರಿ ಏನಾದ್ರೂ ಶಾಪ ಹಾಕಬೇಕು."

"ಶಾಪ ಹಾಕಲಿಲ್ಲ. ಒಂದೇ ಮಾತು ಹೇಳ್ತಾ ಇದ್ದಳು. 'ಈ ಕಥೆ ಬರೆದವರನ್ನ ಕರೆಸಿ. ನಾನು ಯಾರು ಅಂತ ಅವರೇ ಹೇಳಲಿ' ಅಂತ."

ಬೋಹೆಂಗ್ ಕುಂಚ ಕೆಳಗಿಟ್ಟ. ಅವನ ಕಣ್ಣು ತುಂಬಿ ಬಂದವು. ಒಂಬತ್ತು ಸಲ ಪರೀಕ್ಷಕರ ಮುಂದೆ ಬಾಗಿದ ಬೆನ್ನು ಮೊದಲ ಸಲ ನೆಟ್ಟಗಾಯಿತು.

"ನರಿಗಳಿಗೂ ನನ್ನ ಹೆಸರು ಗೊತ್ತಾಯ್ತಲ್ಲಯ್ಯಾ!"

"ನಮಗೂ ಹಾಗೇ ಅನ್ನಿಸ್ತು. ಕಥೆ ಬರೆದವರು ಯಾರು ಅಂತ ನಮಗೇ ಆಗ ಗೊತ್ತಿರಲಿಲ್ಲ, ನಕ್ಕುಬಿಟ್ವಿ. ಇನ್ನೊಂದು ಹಿಡಿ ಗಂಧಕ ಹಾಕಿದ್ವಿ."

ಬೋಹೆಂಗ್ ಅದನ್ನೂ ಬರೆದ. ಮಸಿ ಆರಲೆಂದು ಹಾಳೆಯ ಮೇಲೆ ಮೆಲ್ಲಗೆ ಊದಿದ. ತನ್ನ ಎಲ್ಲ ಕಥೆಗಳಲ್ಲಿ ಇದೇ ಮೇಲು ಎಂದು ಅವನಿಗೆ ಖಾತ್ರಿಯಾಗಿತ್ತು.

"ಈಗ ಹೇಳು. ಹೇಳಿದವನ ಹೆಸರಿಲ್ಲದೆ ಇದನ್ನ ಯಾರೂ ನಂಬಲ್ಲ. ಯಾವ ಊರು? ಯಾರ ಪೈಕಿ?"

"ಬರ್ಕೊಳ್ಳಿ ಮಾವಾ" ಎಂದ ಅವನು. "ಶಿಲ್ಯೂ ಊರಿನ ಜೋ ಯೆನ್. ನಿಮ್ಮ ಮಗಳು ಸುಯಿಂಗಳ ಗಂಡ."